ಗಾಡಿ ಪ್ಲಗ್ ಬದಲಿಸೋಕೆ ಯಜಮಾನರೇ ಬರಬೇಕಾ?

ಗ್ಯಾಸ್ ಸ್ಟೋವ್ ಹಚ್ಚುವಾಗ ಲೈಟರ್ ಟಕ್ ಅನ್ನಿಸ್ತೀರಲ್ಲ, ಅದರ ತುದಿಯಲ್ಲಿ ಸಣ್ಣದೊಂದು ನೀಲಿ ಕಿಡಿ ಹಾರೋದನ್ನ ಗಮನಿಸಿದ್ದೀರಾ? ನಿಮ್ಮ ಮನೆ ಮುಂದೆ ನಿಂತಿರುವ ವ್ಯಾನಿನ ಎಂಜಿನ್ ಒಳಗೂ ಅಂಥದ್ದೇ ಮೂರೋ ನಾಲ್ಕೋ ಲೈಟರ್‌ಗಳಿವೆ. ಸ್ಪಾರ್ಕ್ ಪ್ಲಗ್ ಅಂದರೆ ಅವೇ. ವ್ಯತ್ಯಾಸ ಇಷ್ಟೇ. ನೀವು ಲೈಟರ್ ಒತ್ತೋದು ದಿನಕ್ಕೆ ಏಳೆಂಟು ಸಲ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ಪ್ಲಗ್ಗೂ ನಿಮಿಷಕ್ಕೆ 1500 ಸಲ ಕಿಡಿ ಹಚ್ಚಬೇಕು. ಇಷ್ಟು ದುಡಿದ ಮೇಲೆ ಸವೆಯದೇ ಇರುತ್ತಾ? ಲೈಟರ್ ಸವೆದರೆ ಯಾರನ್ನೂ ಕೇಳದೆ ಹೊಸದು ತರ್ತೀರಿ. ಪ್ಲಗ್ ವಿಷಯ ಬಂದಾಗ ಮಾತ್ರ ‘ಅದೆಲ್ಲ ಗಂಡಸರ ಕೆಲಸ ಕಣ್ರೀ’ ಅಂತ ಸುಮ್ಮನಾಗ್ತೀವಿ.

ದಾಂಡೇಲಿ ಪೇಟೆಗೆ ಹತ್ತಿರದ ನಮ್ಮ ಕೋಗಿಲಬನದಂಥ ಕಡೆ ಹೀಗೆ ಸುಮ್ಮನಿರೋದು ಕಷ್ಟ. ಎಷ್ಟೋ ಮನೆಗಳಲ್ಲಿ ಯಜಮಾನರು ಪೇಪರ್ ಮಿಲ್ಲಿನ ಶಿಫ್ಟಿನಲ್ಲಿರ್ತಾರೆ. ಹೋಮ್‌ಸ್ಟೇ ನಡೆಸೋರ ಮನೆಯಲ್ಲಿ ಅತಿಥಿಗಳನ್ನು ಕರೆತರೋದು, ಗಣೇಶಗುಡಿಗೆ ಬಿಟ್ಟು ಬರೋದು ಎಲ್ಲ ಮನೆಯ ಹೆಂಗಸರ ಪಾಲಿಗೇ ಬೀಳುತ್ತೆ. ಜೋಯಿಡಾ ಕಡೆ ಹೊರಟರೆ ದಾರಿಯುದ್ದಕ್ಕೂ ಕಾಡು, ಮಧ್ಯೆ ಮಧ್ಯೆ ಮೊಬೈಲ್ ಸಿಗ್ನಲ್ಲೂ ಮಾಯ. ಜುಲೈ ಮಳೆಯಲ್ಲಿ, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗ ಗಾಡಿ ಜಗ್ಗಿ ಜಗ್ಗಿ ನಿಂತರೆ ಯಾರನ್ನು ಕರೀತೀರಿ? ನೀವು ಬೆಂಗಳೂರು, ಹುಬ್ಬಳ್ಳಿಯಲ್ಲಿದ್ದರೆ ಕಾಡು ಇಲ್ಲದೇ ಇರಬಹುದು, ಫ್ಲೈಓವರ್ ಮೇಲೆ ಸಂಜೆ ಆರು ಗಂಟೆಗೆ ನಿಂತರೂ ಪಾಡು ಅಂಥದ್ದೇ.

ನನಗೆ ಈ ಕೆಲಸ ಹೇಳಿಕೊಟ್ಟವರು ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಪಕ್ಕದ ಮನೆಯ ಅಜ್ಜ. ಅವರು ಹೇಳಿದ್ದಕ್ಕೆ ನಮ್ಮ ಅಡುಗೆಮನೆ ಬುದ್ಧಿಯನ್ನೂ ಒಂದಿಷ್ಟು ಸೇರಿಸಿ ಇಲ್ಲಿ ಬರೀತಿದ್ದೀನಿ.

ಮೊದಲು ಇದನ್ನು ತಿಳ್ಕೊಳ್ಳಿ

ನಿಮ್ಮದು ಪೆಟ್ರೋಲ್ ಗಾಡಿಯೋ, ಡೀಸೆಲ್ಲೋ? ನಗಬೇಡಿ, ದೊಡ್ಡ ಗಾಡಿ ಅಂದಾಗ ಕೇಳಲೇಬೇಕಾದ ಪ್ರಶ್ನೆ ಇದು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಅನ್ನೋದೇ ಇಲ್ಲ. ಅಲ್ಲಿ ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತೆ. ಬೊಲೆರೊ, ಸುಮೋ ಇರುವವರು ಪ್ಲಗ್ ಹುಡುಕುತ್ತಾ ಬಾನೆಟ್ ಕೆಳಗೆ ತಲೆ ಹಾಕಿದರೆ ಸಿಗೋದಿಲ್ಲ. ಕೆಲವು ಡೀಸೆಲ್ ಗಾಡಿಗಳಲ್ಲಿ ‘ಗ್ಲೋ ಪ್ಲಗ್’ ಅಂತ ಒಂದಿರುತ್ತೆ. ಅದು ಚಳಿಯಲ್ಲಿ ಎಂಜಿನ್ ಬಿಸಿ ಮಾಡುವ ಕಡ್ಡಿ. ಅದರ ತಂಟೆಗೆ ಹೋಗಬೇಡಿ.

ಹಿಂದೆಲ್ಲ ಏಳು ಜನ ಕೂರುವ ಗಾಡಿ ಅಂದರೆ ಹೆಚ್ಚಾಗಿ ಡೀಸೆಲ್ಲೇ. ಈಗ ಹಾಗಿಲ್ಲ. 2012ರಲ್ಲಿ ಬಂದ ಎರ್ಟಿಗಾ ಪೆಟ್ರೋಲ್, ಡೀಸೆಲ್ ಎರಡರಲ್ಲೂ ಸಿಗ್ತಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. 2022ರಲ್ಲಿ ಬಂದ ಇನೋವಾ ಹೈಕ್ರಾಸ್ ಕೂಡ ಪೆಟ್ರೋಲ್. ಇನ್ನು 2019ರವರೆಗೂ ತಯಾರಾದ ನಮ್ಮೆಲ್ಲರ ಹಳೆ ಓಮ್ನಿ, 2010ರಿಂದ ಓಡ್ತಿರುವ ಈಕೋ, ಕಾಡಿನ ದಾರಿಯ ಹಳೆ ಜಿಪ್ಸಿ, ಎಲ್ಲವೂ ಪೆಟ್ರೋಲ್ ಎಂಜಿನ್ನೇ. ಓಮ್ನಿಗೆ ಮೂರು ಪ್ಲಗ್, ಈಕೋ, ಎರ್ಟಿಗಾ, ಜಿಪ್ಸಿಗಳಿಗೆ ನಾಲ್ಕು. ಎಲ್‌ಪಿಜಿ, ಸಿಎನ್‌ಜಿ ಗಾಡಿಗಳಿಗೂ ಸ್ಪಾರ್ಕ್ ಪ್ಲಗ್ ಬೇಕು. ಅಷ್ಟೇ ಅಲ್ಲ, ಗ್ಯಾಸ್ ಹೊತ್ತಿಸೋಕೆ ಕಿಡಿ ಇನ್ನೂ ಜೋರಾಗಿರಬೇಕು, ಹಾಗಾಗಿ ಅವುಗಳ ಪ್ಲಗ್ ಬೇಗ ಸೋಲುತ್ತೆ.

ಓಮ್ನಿ, ಈಕೋ ಇರುವವರಿಗೆ ಒಂದು ಸಂತೋಷದ ಸುದ್ದಿ. ಇವುಗಳ ಎಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ. ಸೀಟಿನ ಕೊಕ್ಕೆ ಬಿಡಿಸಿ, ದಿವಾನ್ ಪೆಟ್ಟಿಗೆ ಎತ್ತಿದ ಹಾಗೆ ಎತ್ತಿದರೆ ಎಂಜಿನ್ ಕಾಣುತ್ತೆ. ಹೊರಗೆ ಮಳೆ ಬರ್ತಿದ್ದರೂ ಗಾಡಿಯೊಳಗೇ ಕೂತು ಕೆಲಸ ಮುಗಿಸಬಹುದು.

ಗಾಡಿ ಹೇಳುವ ಮಾತು

ಪ್ಲಗ್ ಒಂದೇ ದಿನಕ್ಕೆ ಕೈ ಕೊಡೋದು ಅಪರೂಪ. ಮೊದಲು ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಎರಡು ಮೂರು ಸಲ ಕೀಲಿ ತಿರುಗಿಸಬೇಕಾಗುತ್ತೆ. ಆಮೇಲೆ ಏರು ಹತ್ತುವಾಗ ಪಿಕಪ್ ಸಾಲದು ಅನ್ನಿಸುತ್ತೆ. ಪೆಟ್ರೋಲ್ ಖರ್ಚು ಏರುತ್ತೆ. ಸಿಗ್ನಲ್ಲಿನಲ್ಲಿ ನಿಂತಾಗ ಸೀಟು ಗಡಗಡ ನಡುಗುತ್ತೆ. ಅಂದರೆ ನಾಲ್ಕು ಒಲೆಗಳಲ್ಲಿ ಒಂದು ಸರಿಯಾಗಿ ಹೊತ್ತುತ್ತಿಲ್ಲ ಅಂತ. ಇದಕ್ಕೆ ಮಿಸ್‌ಫೈರ್ ಅಂತಾರೆ.

ಹೊತ್ತದ ಒಲೆಯಲ್ಲಿ ಗ್ಯಾಸ್ ಬಿಟ್ಟರೆ ಏನಾಗುತ್ತೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಇಲ್ಲೂ ಅದೇ ಕಥೆ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಅಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನೋ ಹೊಗೆ ಶುದ್ಧಿ ಮಾಡುವ ಡಬ್ಬಿಯೊಳಗೆ ಉರಿಯೋಕೆ ಶುರುಮಾಡುತ್ತೆ. ಡಬ್ಬಿ ಕೆಂಡದಂತೆ ಕಾದು, ಒಳಗಿನ ಜೇನುಗೂಡಿನಂಥ ಭಾಗ ಕರಗಿಹೋಗುತ್ತೆ. ಹೋಮ್‌ಸ್ಟೇ ನಡೆಸುವ ನನ್ನ ಗೆಳತಿಯೊಬ್ಬಳ ಏಳು ಸೀಟಿನ ಗಾಡಿಗೆ ಆಗಿದ್ದು ಹೀಗೇ. ಮೀಟರ್ ಬಳಿ ಎಂಜಿನ್ ಚಿತ್ರದ ಹಳದಿ ದೀಪ ಪಿಳಿಪಿಳಿ ಅಂತಿದ್ದರೂ ‘ಸೀಸನ್ ಮುಗೀಲಿ, ತೋರಿಸೋಣ’ ಅಂತ ಎರಡು ವಾರ ಓಡಿಸಿದಳು. ಕೊನೆಗೊಂದು ಸಂಜೆ ಗಾಡಿ ಉಸಿರು ಕಟ್ಟಿದಂತಾಗಿ ಏರಿನಲ್ಲಿ ನಿಂತೇಹೋಯ್ತು. ಒಳಗೆ ನಾಲ್ವರು ಅತಿಥಿಗಳು, ಹೊರಗೆ ಮಳೆ, ಕತ್ತಲೆ. ಹಿಂದಿನಿಂದ ಬಂದ ಹಾಲಿನ ಗಾಡಿಯವರು ಎಳೆದು ತಂದರು ಅನ್ನಿ. ಆದರೆ ಒಂದು ಸೆಟ್ ಪ್ಲಗ್ಗಿನಲ್ಲಿ ಮುಗೀತಿದ್ದ ಖರ್ಚು ಹತ್ತಾರು ಸಾವಿರ ದಾಟಿತು.

ಆ ದೀಪ ಸುಮ್ಮನೆ ಉರಿದರೆ ಆದಷ್ಟು ಬೇಗ ತೋರಿಸಿ ಅಂತ ಅರ್ಥ. ಮಿಣಮಿಣ ಮಿನುಗಿದರೆ ವೇಗ ಕಡಿಮೆ ಮಾಡಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ ಅಂತ. ಇದೊಂದನ್ನಾದರೂ ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳಿಡಿ.

ಸಾಧಾರಣ ನಿಕ್ಕಲ್ ತುದಿಯ ಪ್ಲಗ್ ಗಾಡಿಗೆ ತಕ್ಕಂತೆ 20ರಿಂದ 40 ಸಾವಿರ ಕಿಲೋಮೀಟರ್ ಬಾಳುತ್ತೆ. ಇರಿಡಿಯಂ ತುದಿಯದು ಲಕ್ಷದ ಹತ್ತಿರ ಹೋಗುವುದೂ ಉಂಟು, ಬೆಲೆಯೂ ಹಾಗೇ ಮೂರ್ನಾಲ್ಕು ಪಟ್ಟು. ನಿಮ್ಮ ಗಾಡಿಗೆ ಯಾವುದು, ಎಷ್ಟು ಕಿಲೋಮೀಟರಿಗೆ ಅಂತ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಮಲಗಿರುವ ಮ್ಯಾನುಯಲ್‌ನಲ್ಲಿ ಬರೆದಿದೆ. ಸೀರೆ ಕೊಂಡ ರಸೀದಿ ಜೋಪಾನ ಮಾಡುವ ನಾವು ಆ ಪುಸ್ತಕವನ್ನು ಯಾಕೋ ತೆರೆದೇ ನೋಡೋದಿಲ್ಲ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಈ ಕೆಲಸ ಸರ್ವಿಸ್ ಸೆಂಟರಿಗೇ ಬಿಡೋದು ಜಾಣತನ.

ಅಂಗಡಿಯಲ್ಲಿ

ಪ್ಲಗ್ ನೋಡೋಕೆ ಎಲ್ಲ ಒಂದೇ ಥರ ಇರುತ್ತೆ, ಆದರೆ ಅಲ್ಲ. ಉದ್ದ, ಮರೆ, ಕಾವು ತಡೆಯುವ ಶಕ್ತಿ ಎಲ್ಲ ಬೇರೆ ಬೇರೆ. ಉದ್ದ ಹೆಚ್ಚಾದರೆ ಒಳಗೆ ಪಿಸ್ಟನ್ನಿಗೇ ತಾಗಬಹುದು. ಹಾಗಾಗಿ ‘ವ್ಯಾನಿಂದು ಕೊಡಿ’ ಅನ್ನದೆ ಮ್ಯಾನುಯಲ್‌ನಲ್ಲಿರುವ ನಂಬರನ್ನು ಚೀಟಿಯಲ್ಲಿ ಬರೆದೊಯ್ದು ಅದೇ ಕೇಳಿ. ಮೂರನ್ನೋ ನಾಲ್ಕನ್ನೋ ಒಟ್ಟಿಗೇ ಕೊಳ್ಳಿ, ಒಂದನ್ನೇ ಬದಲಿಸೋದು ಒಂದೇ ಕಾಲಿಗೆ ಹೊಸ ಚಪ್ಪಲಿ ಹಾಕಿದ ಹಾಗೆ.

ನಮ್ಮ ಅಜ್ಜ ಈಗಲೂ ಯಾವ ಕಂಪನಿಯ ಪ್ಲಗ್ಗಾದರೂ ‘ಮೈಕೊ’ ಅಂತಲೇ ಕರೆಯೋದು. ಬೆಂಗಳೂರಿನ ಆಡುಗೋಡಿಯಲ್ಲಿದ್ದ ಮೈಕೊ ಕಾರ್ಖಾನೆ ಅಷ್ಟು ಮನೆಮಾತಾಗಿತ್ತು. 1951ರಲ್ಲಿ ಶುರುವಾದ ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಅಂತಾಯ್ತು. ಅಜ್ಜನಿಗೆ ಮಾತ್ರ ಅದು ಇನ್ನೂ ಮೈಕೊನೇ.

ಇನ್ನು ಸಾಮಾನು. ಒಳಗೆ ರಬ್ಬರ್ ಇರುವ ಪ್ಲಗ್ ಸಾಕೆಟ್ ಒಂದು ಬೇಕು. ಹಳೆ ಓಮ್ನಿಗೆ 21 ಎಂ.ಎಂ., ಈಚಿನ ಬಹಳಷ್ಟು ಗಾಡಿಗಳಿಗೆ 16, ಕೆಲವಕ್ಕೆ 14. ಜೊತೆಗೆ ಅದಕ್ಕೆ ಹಾಕುವ ಉದ್ದದ ಎಕ್ಸ್‌ಟೆನ್ಷನ್, ಹಿಡಿ, 10 ಎಂ.ಎಂ. ಪಾನಾ. ಉಳಿದದ್ದೆಲ್ಲ ಮನೆಯಲ್ಲೇ ಇದೆ: ಸೈಕಲ್ ಪಂಪು, ಹಳೆ ಕಾಟನ್ ಬಟ್ಟೆ, ಒಂದು ಗೇಣು ರಬ್ಬರ್ ಪೈಪು, ಮತ್ತೆ ಮೂಲೆ ಸೇರಿದ ಹಳೆ ಇಡ್ಲಿ ತಟ್ಟೆ. ಇಡ್ಲಿ ತಟ್ಟೆ ಯಾಕೆ ಅಂತ ಆಮೇಲೆ ಹೇಳ್ತೀನಿ.

ಸೀಟು ಎತ್ತಿ, ಕೆಲಸ ಶುರು

ಎಂಜಿನ್ ತಣ್ಣಗಿರಬೇಕು. ‘ತಣ್ಣಗಾಗಿದೆ ಅನ್ಸುತ್ತೆ’ ಸಾಲದು, ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ಮುಟ್ಟಿ. ಕೈ ಸುಡುತ್ತೆ ಅನ್ನೋದಷ್ಟೇ ಕಾರಣ ಅಲ್ಲ. ಪ್ಲಗ್ ಕೂತಿರುವ ಎಂಜಿನ್ ತಲೆ ಅಲ್ಯುಮಿನಿಯಂನದ್ದು. ಬಿಸಿಯಲ್ಲಿ ಬಿಚ್ಚಿದರೆ ಅದರ ಮೆತ್ತನೆ ಮರೆ ಕಿತ್ತುಬರಬಹುದು. ಮರೆ ಹೋಯ್ತೋ, ಪ್ಲಗ್ ಕೆಲಸ ಲೇತ್ ಕೆಲಸವಾಗುತ್ತೆ.

ಹ್ಯಾಂಡ್‌ಬ್ರೇಕ್ ಹಾಕಿ, ಕೀಲಿ ತೆಗೆದು ಸೆರಗಿಗೋ ಜೇಬಿಗೋ ಸೇರಿಸಿ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ ಪಕ್ಕಕ್ಕಿಡಿ. ಗ್ಯಾಸ್ ಕಿಟ್ ಇದ್ದರೆ ಸಿಲಿಂಡರ್ ವಾಲ್ವ್ ಮುಚ್ಚಿ, ಬಾಗಿಲು ಕಿಟಕಿ ತೆರೆದಿಡಿ. ವಾಸನೆ ಬಂದರೆ ಆವತ್ತು ಕೆಲಸ ಬೇಡವೇ ಬೇಡ. ಕೈಬಳೆ, ಉಂಗುರ, ಉದ್ದ ಸರ ತೆಗೆದಿಡಿ.

ಹಳೆ ಓಮ್ನಿಯಲ್ಲಿ ಪ್ಲಗ್ಗಿನ ತಲೆಗೆ ದಪ್ಪ ಕರಿ ವೈರುಗಳು ಬಂದಿರುತ್ತವೆ. ಎಲ್ಲವನ್ನೂ ಒಟ್ಟಿಗೆ ಕೀಳಬೇಡಿ, ಯಾವುದು ಎಲ್ಲಿಯದು ಅಂತ ಗೊಂದಲವಾಗುತ್ತೆ. ವೈರು ಅದಲು ಬದಲಾದರೆ ಕಿಡಿ ತಪ್ಪು ಹೊತ್ತಿಗೆ ಬಂದು ಎಂಜಿನ್ ಕೆಮ್ಮೋಕೆ ಶುರುಮಾಡುತ್ತೆ. ಒಂದು ಪ್ಲಗ್ ಮುಗಿಸಿ ಇನ್ನೊಂದಕ್ಕೆ ಹೋಗಿ. ವೈರನ್ನೇ ಹಿಡಿದು ಜಗ್ಗಬೇಡಿ. ತುದಿಯ ರಬ್ಬರ್ ಟೋಪಿ ಹಿಡಿದು, ಬಾಟಲಿ ಬಿರಡೆ ತೆಗೆಯುವಂತೆ ಸ್ವಲ್ಪ ತಿರುಚಿ ಎಳೆಯಿರಿ.

ಎರ್ಟಿಗಾದಂಥ ಹೊಸ ಗಾಡಿಗಳಲ್ಲಿ ಬಾನೆಟ್ ತೆರೆದು ಪ್ಲಾಸ್ಟಿಕ್ ಮುಚ್ಚಳ ಎತ್ತಿದರೆ ಒಂದೊಂದು ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಕೂತಿರುತ್ತೆ. ಕಾಯಿಲಿನ ವೈರಿಗೊಂದು ಪುಟ್ಟ ಲಾಕ್ ಇದೆ, ಅದನ್ನು ಒತ್ತಿ ಹಿಡಿದು ಕಳಚಿ. ವರ್ಷಗಟ್ಟಲೆ ಕಾದು ಆ ಪ್ಲಾಸ್ಟಿಕ್ ಹಪ್ಪಳದಂತಾಗಿರುತ್ತೆ, ಸಿಟ್ಟು ತೋರಿಸಿದರೆ ಪಟ್ ಅನ್ನುತ್ತೆ. ನಂತರ 10 ಎಂ.ಎಂ. ಬೋಲ್ಟ್ ಬಿಚ್ಚಿ ಕಾಯಿಲನ್ನು ತಿರುಚುತ್ತಾ ಮೇಲೆತ್ತಿ.

ಈಗ ಅವಸರ ಮಾಡದೆ ಸೈಕಲ್ ಪಂಪಿನಿಂದ ಪ್ಲಗ್ಗಿನ ಸುತ್ತ ಗಾಳಿ ಹೊಡೆಯಿರಿ, ಕಣ್ಣಿಗೆ ಧೂಳು ಬೀಳದ ಹಾಗೆ ಕನ್ನಡಕವಿರಲಿ. ನಮ್ಮೂರಿನ ಕೆಂಪು ಧೂಳು ಗೊತ್ತಲ್ಲ, ಸೀಟಿನ ಕೆಳಗೆ ಕುಂಕುಮದಂತೆ ಕೂತಿರುತ್ತೆ. ಪ್ಲಗ್ ತೆಗೆದ ಮೇಲೆ ಅದು ಎಂಜಿನ್ ಒಳಗೆ ಬಿದ್ದರೆ ಸಿಲಿಂಡರ್ ಗೀರುತ್ತೆ. ಧೂಳು ಹೋದ ಮೇಲೆ ಸಾಕೆಟ್ ನೇರವಾಗಿ ಕೂರಿಸಿ, ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿ. ಮೊದಲು ಟಕ್ ಅಂತ ಸಡಿಲವಾಗಿ ಆಮೇಲೆ ಸಲೀಸಾಗಿ ಬರುತ್ತೆ. ಮಧ್ಯೆ ಕಿರ್ ಅಂತ ಬಿಗಿಯಾದರೆ ಅರ್ಧ ಸುತ್ತು ಹಿಂದೆ ತಿರುಗಿಸಿ, ಒಂದು ಹನಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಹತ್ತು ನಿಮಿಷ ಟೀ ಕುಡಿದು ಬನ್ನಿ. ತೆಗೆದ ಪ್ಲಗ್ಗನ್ನು ಇಡ್ಲಿ ತಟ್ಟೆಯ ಕುಳಿಯಲ್ಲಿಡಿ. ಮೊದಲನೆಯದು ಮೊದಲ ಕುಳಿಯಲ್ಲಿ, ಎರಡನೆಯದು ಎರಡನೇ ಕುಳಿಯಲ್ಲಿ. ಯಾವುದು ಯಾವ ಸಿಲಿಂಡರಿನದು ಅಂತ ಆಮೇಲೆ ತಿಳಿಯಬೇಕಲ್ಲ.

ಹೊಸ ಪ್ಲಗ್ಗಿನ ತುದಿಯಲ್ಲಿ ಎರಡು ಲೋಹಗಳ ನಡುವೆ ಕೂದಲೆಳೆಯಷ್ಟು ಸಂದು ಇರುತ್ತೆ. ಹಳೆ ಎಂಜಿನ್‌ಗಳಿಗೆ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ., ಹೊಸವಕ್ಕೆ 1 ಮಿ.ಮೀ. ಆಸುಪಾಸು, ಸರಿಯಾದ ಲೆಕ್ಕ ಮ್ಯಾನುಯಲ್‌ನಲ್ಲಿ. ಫೀಲರ್ ಗೇಜ್ ಅನ್ನುವ ತಗಡಿನ ಪಟ್ಟಿಗಳ ಕಟ್ಟು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ, ಅದರಿಂದ ಅಳೆಯಿರಿ. ಇರಿಡಿಯಂ ಪ್ಲಗ್ಗಿನ ತುದಿ ಸೂಜಿಯಷ್ಟು ಸಣ್ಣ, ಬಗ್ಗಿಸೋಕೆ ಹೋಗಬೇಡಿ. ಕೆಳಗೆ ಬಿದ್ದ ಪ್ಲಗ್ಗನ್ನೂ ಹಾಕಬೇಡಿ, ಒಳಗಿನ ಪಿಂಗಾಣಿ ಬಿರಿದಿದ್ದರೆ ಕಣ್ಣಿಗೆ ಕಾಣೋದಿಲ್ಲ.

ಇಡೀ ಕೆಲಸದಲ್ಲಿ ಉಸಿರು ಬಿಗಿಹಿಡಿದು ಮಾಡಬೇಕಾದ್ದು ಒಂದೇ, ಹೊಸ ಪ್ಲಗ್ ಕೂರಿಸೋದು. ಅಜ್ಜ ಇದನ್ನು ನನ್ನಿಂದ ಮೂರು ಸಲ ಬಿಚ್ಚಿಸಿ ಹಾಕಿಸಿದರು. ಆ ಒಂದು ಗೇಣು ರಬ್ಬರ್ ಪೈಪಿನ ತುದಿಗೆ ಪ್ಲಗ್ಗಿನ ಬಿಳಿ ತಲೆ ಸಿಕ್ಕಿಸಿ, ಪೈಪನ್ನೇ ಬೆರಳಲ್ಲಿ ತಿರುಗಿಸುತ್ತಾ ಒಳಗಿಳಿಸಿ. ಮರೆ ಸರಿಯಾಗಿ ಕೂತರೆ ಉಪ್ಪಿನಕಾಯಿ ಭರಣಿಯ ಮುಚ್ಚಳದಂತೆ ಸಲೀಸಾಗಿ ತಿರುಗುತ್ತೆ. ಸೊಟ್ಟ ಹಿಡಿದರೆ ಪೈಪು ಜಾರುತ್ತೆ, ಮುಂದೆ ಹೋಗೋದಿಲ್ಲ. ಪಾನಾ ಹಾಕಿದ್ದರೆ ಅದು ಜಾರದೆ ಮರೆಯನ್ನೇ ಕೊರೆದುಬಿಡುತ್ತಿತ್ತು. ಜಾರಿದರೆ ಪೂರ್ತಿ ಹೊರತೆಗೆದು ಮತ್ತೆ ಶುರುಮಾಡಿ. ಬೆರಳಿಂದ ಇನ್ನು ತಿರುಗದು ಅನ್ನುವವರೆಗೂ ಪಾನಾ ಮುಟ್ಟಬೇಡಿ.

ಆಮೇಲೆ ಬಿಗಿ ಎಷ್ಟು? ವಾಷರ್ ಇರುವ 14 ಎಂ.ಎಂ. ಮರೆಯ ಹೊಸ ಪ್ಲಗ್ಗಾದರೆ ಬೆರಳಿನ ಬಿಗಿಯ ಮೇಲೆ ಅರ್ಧದಿಂದ ಮುಕ್ಕಾಲಿಗೂ ಕಡಿಮೆ ಸುತ್ತು. ಅಷ್ಟರಲ್ಲಿ ವಾಷರ್ ಚಪ್ಪಟೆಯಾಗಿ ಕೂರುತ್ತೆ. ಅದೇ ಹಳೆ ಪ್ಲಗ್ಗನ್ನು ಮತ್ತೆ ಹಾಕುವುದಾದರೆ ಗಡಿಯಾರದಲ್ಲಿ ಐದು ನಿಮಿಷದ ಗೆರೆಯಷ್ಟು ಸಾಕು. ವಾಷರ್ ಇಲ್ಲದ, ಬುಡ ಇಳಿಜಾರಾಗಿರುವ ಪ್ಲಗ್ಗಿಗೆ ಅದಕ್ಕಿಂತಲೂ ಕಡಿಮೆ, ಸುತ್ತಿನ ಹದಿನಾರನೇ ಒಂದು ಭಾಗ. ಪ್ಲಗ್ಗಿನ ಡಬ್ಬಿ ಮೇಲೆ ಚಿತ್ರ ಇದ್ದರೆ ಅದನ್ನೇ ನಂಬಿ. ‘ಇನ್ನೊಂಚೂರು ಇರಲಿ’ ಅಂತ ಮೈಭಾರ ಹಾಕೋದು ಬೇಡ. ಮರೆಗೆ ಎಣ್ಣೆ, ಗ್ರೀಸ್ ಕೂಡ ಬೇಡ, ಜಾರಿ ಹೆಚ್ಚು ಬಿಗಿಯಾಗುತ್ತೆ.

ಟೋಪಿಯನ್ನೋ ಕಾಯಿಲನ್ನೋ ಟಕ್ ಅಂತ ಕೂರುವವರೆಗೆ ಒತ್ತಿ. ಎಲ್ಲ ಮುಗಿದ ಮೇಲೆ ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿ. ಎಂಜಿನ್ ನಡುಗಿದರೆ ಹೆದರಬೇಡಿ, ಹೆಚ್ಚಾಗಿ ಯಾವುದೋ ಒಂದು ಟೋಪಿ ಪೂರ್ತಿ ಕೂತಿರೋದಿಲ್ಲ. ಆಫ್ ಮಾಡಿ, ಒಂದೊಂದಾಗಿ ಒತ್ತಿ ನೋಡಿ. ಎಂಜಿನ್ ಓಡ್ತಿರುವಾಗ ಮಾತ್ರ ವೈರು ಮುಟ್ಟಲೇಬೇಡಿ, ಅದರಲ್ಲಿ ಹರಿಯೋದು ಸಾವಿರಾರು ವೋಲ್ಟ್.

ಇಡ್ಲಿ ತಟ್ಟೆಯ ಜಾತಕ

ನನಗೆ ತುಂಬಾ ಇಷ್ಟವಾದ ಭಾಗ ಇದು. ಗ್ಯಾರೇಜಿನಲ್ಲಿ ಬದಲಿಸಿದರೆ ಹಳೆ ಪ್ಲಗ್ಗುಗಳು ಕಸದ ಡಬ್ಬಕ್ಕೆ ಹೋಗಿಬಿಡುತ್ತವೆ, ಅವು ಏನು ಹೇಳ್ತಿದ್ದವು ಅಂತ ನಿಮಗೆ ಗೊತ್ತೇ ಆಗೋದಿಲ್ಲ. ಮನೆಯಲ್ಲೇ ಬಿಚ್ಚುವ ದೊಡ್ಡ ಲಾಭ ಉಳಿದ ಮಜೂರಿ ಅಲ್ಲ, ಈ ಓದು.

ತಟ್ಟೆಯನ್ನು ಬೆಳಕಿಗೆ ಹಿಡಿದು ತುದಿಯ ಬಣ್ಣ ನೋಡಿ. ಹದವಾಗಿ ಹುರಿದ ರವೆಯ ಬಣ್ಣ, ತೆಳು ಕಂದು ಅಥವಾ ಬೂದು ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಾಡಿಗೆಯಂಥ ಮಸಿ ಹಿಡಿದಿದ್ದರೆ ಗಾಳಿ ಸಾಲದೆ ಪೆಟ್ರೋಲ್ ಹೆಚ್ಚಾಗಿದೆ ಅಂತ. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ, ಅರ್ಧಕ್ಕರ್ಧ ಸಲ ಕಳ್ಳ ಅಲ್ಲೇ ಇರ್ತಾನೆ. ದಿನಾ ಶಾಲೆ, ಮಾರ್ಕೆಟ್ ಅಂತ ಒಂದೊಂದೇ ಕಿಲೋಮೀಟರ್ ಓಡಿಸುವ ಗಾಡಿಗೂ ಹೀಗಾಗುತ್ತೆ. ಕಪ್ಪಗಿದ್ದು ಜಿಡ್ಡು ಜಿಡ್ಡಾಗಿದ್ದರೆ ಎಂಜಿನ್ ಆಯಿಲ್ ಒಳಗೆ ಸೇರ್ತಿದೆ, ಮೆಕ್ಯಾನಿಕ್‌ಗೆ ತೋರಿಸಲೇಬೇಕು. ತುದಿ ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ಎಂಜಿನ್ ಅತಿಯಾಗಿ ಕಾಯ್ತಿದೆ, ಇಲ್ಲವೇ ತಪ್ಪು ನಂಬರಿನ ಪ್ಲಗ್ ಹಾಕಿದ್ದಾರೆ. ಪೆಟ್ರೋಲಿನಲ್ಲಿ ನೆಂದು ಒದ್ದೆಯಾಗಿದ್ದರೆ ಆ ಸಿಲಿಂಡರಿನಲ್ಲಿ ಕಿಡಿಯೇ ಬರ್ತಿಲ್ಲ.

ನಾಲ್ಕೂ ಒಂದೇ ಬಣ್ಣವಾಗಿದ್ದರೆ ಬರೀ ವಯಸ್ಸಿನ ಸವೆತ. ಮೂರು ರವೆ ಬಣ್ಣ, ಒಂದು ಮಾತ್ರ ಕಪ್ಪು ಅಂದರೆ ತೊಂದರೆ ಆ ಸಿಲಿಂಡರಿನದು. ಗ್ಯಾರೇಜಿಗೆ ತಟ್ಟೆಯನ್ನೇ ಒಯ್ದು ‘ಮೂರನೇದು ಹೀಗಿದೆ ನೋಡಿ’ ಅನ್ನಿ. ಆಮೇಲೆ ‘ಎಂಜಿನ್ನೇ ಇಳಿಸಬೇಕು ಮೇಡಂ’ ಅನ್ನುವ ಮಾತು ಅಷ್ಟು ಸುಲಭವಾಗಿ ಬರೋದಿಲ್ಲ. ಗಾಡಿಯ ವಿಷಯದಲ್ಲಿ ನಮ್ಮನ್ನು ಹೆದರಿಸೋದು ಬಿಲ್ಲಿಗಿಂತ ಹೆಚ್ಚಾಗಿ, ಬಿಲ್ಲಿನಲ್ಲಿರೋದು ನಿಜವೋ ಸುಳ್ಳೋ ಗೊತ್ತಾಗದೇ ಇರೋದು, ಅಲ್ವಾ?

ಪ್ಲಗ್ ಕೂತಿದ್ದ ಗುಂಡಿಯಲ್ಲೇ ಎಣ್ಣೆ ನಿಂತಿದ್ದರೆ ಮೇಲಿನ ಮುಚ್ಚಳದ ಗ್ಯಾಸ್ಕೆಟ್ ಸೋರ್ತಿದೆ. ಇದು ದೊಡ್ಡ ರೋಗವಲ್ಲ, ಬಿಟ್ಟರೆ ಕಾಯಿಲಿನ ರಬ್ಬರ್ ಹಾಳಾಗುತ್ತೆ. ಮಳೆಗಾಲದಲ್ಲಷ್ಟೇ ಗಾಡಿ ಜಗ್ಗುತ್ತೆ ಅನ್ನುವ ಹಳೆ ವ್ಯಾನಿನವರು ಪ್ಲಗ್ಗಿಗಿಂತ ವೈರುಗಳನ್ನು ನೋಡಿ. ಬಿರುಕು ಬಿಟ್ಟ ವೈರಿಗೆ ಕೆಳಗಿನಿಂದ ನೀರು ಸಿಡಿದರೆ ಕಿಡಿ ಪ್ಲಗ್ಗಿಗೆ ಹೋಗದೆ ದಾರಿಯಲ್ಲೇ ಸೋರಿಹೋಗುತ್ತೆ.

ಎಣ್ಣೆ ಬಿಟ್ಟು ಕಾದರೂ ಪ್ಲಗ್ ಅಲುಗದಿದ್ದರೆ, ತಿರುಗಿಸಿದಾಗ ಬೆಳ್ಳಿ ಬಣ್ಣದ ಪುಡಿ ಬಂದರೆ, ಅಲ್ಲಿಗೆ ಕೈಬಿಡಿ. ಮುರಿದ ಪ್ಲಗ್ ತೆಗೆಯೋದು ನುರಿತವರ ಕೆಲಸ. ಹೊಸ ಪ್ಲಗ್ ಹಾಕಿದ ಮೇಲೂ ಎಂಜಿನ್ ದೀಪ ಆರದಿದ್ದರೆ ಕಾಯಿಲೋ ಇನ್ನೇನೋ ಇರಬೇಕು, ಸ್ಕ್ಯಾನರ್ ಇರುವ ಕಡೆ ತೋರಿಸಿ.

ಹೆಂಗಸರಿಗೂ ಗಾಡಿ ರಿಪೇರಿಗೂ ಏನು ಸಂಬಂಧ ಅಂತ ಮನೆಯಲ್ಲಿ ಯಾರಾದರೂ ನಕ್ಕರೆ ಬರ್ಥಾ ಬೆಂಜ್ ಕಥೆ ಹೇಳಿ. ಮೋಟಾರು ಗಾಡಿ ಮಾಡಿದ ಕಾರ್ಲ್ ಬೆಂಜ್‌ರ ಹೆಂಡತಿ. 1888ರ ಆಗಸ್ಟ್‌ನಲ್ಲಿ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮ್ಯಾನ್‌ಹೈಮ್‌ನಿಂದ ನೂರು ಕಿಲೋಮೀಟರ್‌ಗೂ ದೂರದ ತವರು ಫೋರ್ಟ್ಸ್‌ಹೈಮ್‌ಗೆ ಗಾಡಿ ಓಡಿಸಿಕೊಂಡು ಹೋದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳಂತೆ, ಕಿಡಿಯ ವೈರು ಸವೆದಾಗ ಕಾಲುಚೀಲದ ಪಟ್ಟಿಯನ್ನೇ ಸುತ್ತಿದಳಂತೆ.

ಇನ್ನು ಕೊನೆಯ ಕೆಲಸ. ಒಂದು ಚೀಟಿಯಲ್ಲಿ ಇವತ್ತಿನ ತಾರೀಕು, ಮೀಟರಿನ ಕಿಲೋಮೀಟರ್, ಪ್ಲಗ್ಗಿನ ನಂಬರ್ ಬರೆದು ಸೀಟಿನ ಅಡಿಗೋ ಬಾನೆಟ್ಟಿನ ಒಳಮೈಗೋ ಅಂಟಿಸಿ. ಹಳೆಯವುಗಳಲ್ಲಿ ಚೆನ್ನಾಗಿರುವ ಒಂದನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಸಾಕೆಟ್ ಮತ್ತು ಆ ರಬ್ಬರ್ ಪೈಪಿನ ಜೊತೆ ಡಬ್ಬಿಗೆ ಹಾಕಿ ಗಾಡಿಯಲ್ಲೇ ಇಟ್ಟಿರಿ. ಡಬ್ಬಿ ಮುಚ್ಚಳ ಗಟ್ಟಿಯಾಗಿರಲಿ, ಮಳೆಗಾಲದಲ್ಲಿ ಬೇಗ ತುಕ್ಕು ಹಿಡಿಯುತ್ತೆ.